ದ್ರಾಸ್: ತೋಲೋಲಿಂಗ್ ಬುಡದಲ್ಲಿ ಒಂದು ನೋಟ್‌ಬುಕ್

ಮೊದಲ ದಿನ, ಶ್ರೀನಗರ

ಮಾವನ ಚೀಲದಲ್ಲಿ ಎರಡು ಸ್ವೆಟರ್, ರಕ್ತದೊತ್ತಡದ ಮಾತ್ರೆ, ಅತ್ತೆ ಕಟ್ಟಿಕೊಟ್ಟ ಮಂಡಕ್ಕಿ ಒಗ್ಗರಣೆ, ಜೊತೆಗೆ ಶಾಲೆಯ ಮಕ್ಕಳು ಬಳಸುವಂಥ ಒಂದು ಗೆರೆ ಹಾಕಿದ ನೋಟ್‌ಬುಕ್ ಇದ್ದವು. ವಿಮಾನ ನಿಲ್ದಾಣದಲ್ಲಿ ಚೀಲ ತೆರೆದು ತೋರಿಸುವಾಗಲೇ ನಾನು ಆ ಪುಸ್ತಕವನ್ನು ಕಂಡದ್ದು. ಏಕೆಂದು ಕೇಳಿದೆ. "ಹೆಸರು ಬರೆದುಕೊಳ್ಳುವುದಿದೆ" ಎಂದರು.

ಮಾವ ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ತರಬೇತಿ ಕೇಂದ್ರಕ್ಕೆ ಹದಿನೆಂಟರ ಹರೆಯದಲ್ಲಿ ಸೇರಿದ್ದರು. ದಾವಣಗೆರೆ ಸೀಮೆಯ ನಮ್ಮೂರಿಗೆ ಮರಳಿದ ಮೇಲೆ ಪ್ರತಿ ವರ್ಷ ಕಾರ್ಗಿಲ್ ವಿಜಯ ದಿನವಾದ ಜುಲೈ 26ರಂದು ಶಾಲೆಯವರು ಅವರನ್ನು ಕರೆದು ಶಾಲು ಹೊದಿಸಿ ಭಾಷಣ ಮಾಡಿಸುತ್ತಾರೆ. ಈ ಬಾರಿ ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಅಷ್ಟು ಜನ ತೀರಿಕೊಂಡರು ಅಂದಿರಲ್ಲ, ಅವರ ಹೆಸರೇನು?" ಎಂದು ಕೇಳಿದಳಂತೆ. ಮಾವ ಐದಾರು ಹೆಸರು ಹೇಳಿದರು. ಆಮೇಲೆ ನೆನಪಾಗಲಿಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ಮಡಿದ ನಮ್ಮ ಯೋಧರು 527. ಸೈನಿಕನಾಗಿದ್ದ ತನಗೇ ಆರು ಹೆಸರು ದಾಟಿ ಗೊತ್ತಿಲ್ಲವಲ್ಲ ಎಂಬುದು ಅವರನ್ನು ಕೊರೆಯತೊಡಗಿತು. ಆಗಸ್ಟ್‌ನಲ್ಲಿ ನನಗೆ ಫೋನ್ ಮಾಡಿ, "ದ್ರಾಸ್‌ಗೆ ಹೋಗೋಣ, ನೀನೂ ಬಾ" ಎಂದರು. ಆ ಯುದ್ಧದ ಸ್ಮಾರಕ ಇರುವುದು ಅಲ್ಲಿ. ಸೆಪ್ಟೆಂಬರ್ ಎರಡನೆಯ ವಾರ ಹೊರಟೆವು.

ಶ್ರೀನಗರದಲ್ಲಿ ನೋಡುವುದು ಬೇಕಾದಷ್ಟಿತ್ತು. ಮಾವ ಊಟ ಮಾಡಿ ಎಂಟಕ್ಕೆಲ್ಲ ಮಲಗಿದರು.

ಎರಡನೆಯ ದಿನ, ಜೊಜಿಲಾ ದಾಟಿ

ಬೆಳಿಗ್ಗೆ ಆರಕ್ಕೆ ಟ್ಯಾಕ್ಸಿ ಬಂತು. ಸೋನಾಮಾರ್ಗ್ ತನಕ ಸುಮಾರು 80 ಕಿಲೋಮೀಟರ್. ಸಿಂಧ್ ನದಿಯ ಬದಿಯಲ್ಲಿ ಭತ್ತದ ಗದ್ದೆಗಳು ಬಂಗಾರದ ಬಣ್ಣಕ್ಕೆ ತಿರುಗಿದ್ದವು. ಬಾಲ್ತಾಲ್ ಬಲಕ್ಕೆ ಕೆಳಗೆ ಉಳಿಯುತ್ತಿದ್ದಂತೆ ರಸ್ತೆ ಬೆಟ್ಟದ ಮೈಗೆ ಅಂಟಿಕೊಂಡು ಏರತೊಡಗಿತು. ಒಂದು ಕಡೆ ಉದುರುವ ಕಲ್ಲು, ಇನ್ನೊಂದು ಕಡೆ ನೇರ ಪ್ರಪಾತ. ಎದುರಿನಿಂದ ಟ್ರಕ್ ಬಂದಾಗ ನಮ್ಮ ಚಾಲಕ ಗಾಡಿಯನ್ನು ಅಂಚಿಗೆ ಒತ್ತಿ ನಿಲ್ಲಿಸುತ್ತಿದ್ದ. ನಾನು ಕಣ್ಣು ಮುಚ್ಚಿದೆ. ಮಾವ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದರು.

"ಈ ದಾರಿ ನಮ್ಮವರು ಮಾಡಿದ್ದು" ಎಂದರು.

ನಮ್ಮವರು ಎಂದರೆ ಸ್ಯಾಪರ್‌ಗಳು. ಸೈನ್ಯದಲ್ಲಿ ಅವರನ್ನು ಎಲ್ಲರೂ "ತಂಬಿ" ಎಂದೇ ಕರೆಯುತ್ತಾರೆ. 1948ರಲ್ಲಿ ಜೊಜಿಲಾ ಎಂಬ ಈ ಕಣಿವೆಯ ಬಾಯಿ ಪಾಕಿಸ್ತಾನದ ಕಡೆಯವರ ವಶದಲ್ಲಿತ್ತು. ದ್ರಾಸ್ ಮತ್ತು ಕಾರ್ಗಿಲ್ ಅದಾಗಲೇ ಕೈತಪ್ಪಿದ್ದವು, ಲೇಹ್ ಒಂಟಿಯಾಗಿತ್ತು. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳು ನಡೆಸಿದ ದಾಳಿ ಸೋತಿತು. ಆಗ ಇಲ್ಲಿನ ಡಿವಿಜನ್ನಿನ ಮುಖ್ಯಸ್ಥರಾಗಿದ್ದವರು ಮಡಿಕೇರಿಯ ಕೊಡಂದೆರ ಸುಬ್ಬಯ್ಯ ತಿಮ್ಮಯ್ಯ, ಮುಂದೆ 1957ರಲ್ಲಿ ಭೂಸೇನೆಯ ದಂಡನಾಯಕರಾದವರು. 11,500 ಅಡಿಗೂ ಮೇಲಿನ ಈ ಕಣಿವೆಗೆ ಟ್ಯಾಂಕ್ ಹತ್ತಿಸೋಣ ಎಂದು ಅವರು ತೀರ್ಮಾನಿಸಿದರು. ಟ್ಯಾಂಕ್ ಹೋಗಲಿ, ಇಲ್ಲಿ ಇದ್ದದ್ದು ಹೇಸರಗತ್ತೆಗಳು ನಡೆಯುವ ಕಾಲುದಾರಿ. ಅದನ್ನು ಬಂಡೆ ಸಿಡಿಸಿ, ಅಗಲಿಸಿ, ಟ್ಯಾಂಕ್ ಹೋಗುವ ಹಾಗೆ ಮಾಡಿದವರು ಮೇಜರ್ ತಂಗರಾಜು ಮತ್ತು ಅವರ ಮದ್ರಾಸ್ ಸ್ಯಾಪರ್‌ಗಳು. ಸ್ಟುವರ್ಟ್ ಟ್ಯಾಂಕುಗಳ ಗೋಪುರ ಕಳಚಿ, ಗುಟ್ಟಾಗಿ ಜಮ್ಮು ಕಡೆಯಿಂದ ಬಾಲ್ತಾಲ್‌ಗೆ ತಂದರು. ನವೆಂಬರ್ 1ರಂದು ಏಳನೆಯ ಕ್ಯಾವಲ್ರಿಯ ಟ್ಯಾಂಕುಗಳು ಮೇಲೆ ಹತ್ತಿ ಬಂದಾಗ ಎದುರಿದ್ದವರಿಗೆ ನಂಬುವುದಕ್ಕೇ ಆಗಲಿಲ್ಲ. ಮುಂದಿನ ಟ್ಯಾಂಕೊಂದರಲ್ಲಿ ಜನರಲ್ ತಿಮ್ಮಯ್ಯ ಸ್ವತಃ ಕೂತಿದ್ದರು. ಅದೇ ತಿಂಗಳಲ್ಲಿ ದ್ರಾಸ್, ಆಮೇಲೆ ಕಾರ್ಗಿಲ್ ಮರಳಿ ಬಂದವು.

ಮಾವ ಇದನ್ನೆಲ್ಲ ನಿನ್ನೆ ಮೊನ್ನೆ ನಡೆದ ಹಾಗೆ ಹೇಳುತ್ತಿದ್ದರು. ಹಲಸೂರಿನಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಜೊಜಿಲಾ ಕಥೆ ಹೇಳದೆ ತರಬೇತಿ ಮುಗಿಯುವುದಿಲ್ಲವಂತೆ. ಈಗ ಈ ಬೆಟ್ಟದ ಹೊಟ್ಟೆಯಲ್ಲಿ ಬಾಲ್ತಾಲ್‌ನಿಂದ ಮಿನಾಮಾರ್ಗ್ ತನಕ ಸುರಂಗ ಕೊರೆಯುತ್ತಿದ್ದಾರೆ. ಅದು ಮುಗಿದರೆ ಹಿಮ ಬಿದ್ದಾಗ ದ್ರಾಸ್‌ನ ಜನ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಕೂರುವುದು ತಪ್ಪುತ್ತದೆ. ಆದರೆ ಈ ತಿರುವುಗಳಲ್ಲಿ ಆಮೇಲೆ ಯಾರು ಬರುತ್ತಾರೋ.

ಕಣಿವೆ ದಾಟಿದ್ದೇ ತಡ, ನಾಡೇ ಬದಲಾಯಿತು. ಈಚೆಗೆ ದೇವದಾರು, ಆಚೆಗೆ ಮರದ ಹೆಸರಿಲ್ಲ. ಗುಮ್ರಿ, ಮಿನಾಮಾರ್ಗ್, ಮಟಾಯನ್, ಪಾಂದ್ರಾಸ್. ಬೂದು, ಕಂದು, ತುಕ್ಕಿನ ಬಣ್ಣದ ಬೆಟ್ಟಗಳು, ಕೆಳಗೆ ಹೊಳೆ, ಅದರ ದಡದಲ್ಲಷ್ಟೇ ಹಸಿರಿನ ಒಂದು ಪಟ್ಟಿ. ಮಧ್ಯಾಹ್ನ ಎರಡರ ಹೊತ್ತಿಗೆ ದ್ರಾಸ್ ಬಂತು. ಒಂದೇ ಬೀದಿ, ಎರಡೂ ಬದಿಗೆ ಅಂಗಡಿ, ಮಸೀದಿ, ಟ್ರಕ್ಕಿನವರ ಢಾಬಾಗಳು. ಹತ್ತಿರ ಹತ್ತಿರ 10,800 ಅಡಿ ಎತ್ತರ. ಜಗತ್ತಿನಲ್ಲೇ ಎರಡನೆಯ ಅತಿ ಚಳಿಯ ಜನವಸತಿ ಎಂದು ಫಲಕ ಹೇಳುತ್ತದೆ. ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೇ ಉಸಿರು ಬಿಗಿಯಿತು.

ಉಳಿದುಕೊಂಡದ್ದು ಒಂದು ಮನೆಯ ಮಹಡಿಯಲ್ಲಿ. ಯಜಮಾನರಿಗೆ ಐವತ್ತರ ಮೇಲಾಗಿತ್ತು. ಮನೆಯೊಳಗೆ ಶಿನಾ ಮಾತು, ನಮ್ಮೊಡನೆ ಹಿಂದಿ. ರಾತ್ರಿ ಬುಖಾರಿ ಎಂಬ ಒಲೆಗೆ ಸೌದೆ ತುಂಬುತ್ತ ಅವರು 1999ರ ಮಾತು ತೆಗೆದರು. ಮೇ ತಿಂಗಳಲ್ಲಿ ಪೇಟೆಯ ಮೇಲೆ ಷೆಲ್ ಬೀಳತೊಡಗಿದಾಗ ಹೆಂಗಸರು ಮಕ್ಕಳನ್ನೆಲ್ಲ ದೂರದ ಕಣಿವೆಗಳಿಗೆ ಕಳಿಸಿದರು. ಹೊಲದಲ್ಲಿ ಬಿತ್ತಿದ ಜವೆಗೋಧಿ ಹಾಗೇ ಉಳಿಯಿತು. ಊರಿನ ಗಂಡುಹುಡುಗರಲ್ಲಿ ಅನೇಕರು ಸೈನ್ಯಕ್ಕೆ ಹೊರೆಯಾಳುಗಳಾದರು. ಇವರೂ ಹೋದರು. ಕತ್ತಲಾದ ಮೇಲೆ ನೀರಿನ ಡಬ್ಬ, ಗುಂಡಿನ ಪೆಟ್ಟಿಗೆ, ರೊಟ್ಟಿ ಮೇಲಕ್ಕೆ. ಬೆಳಕು ಹರಿಯುವ ಮುನ್ನ ಗಾಯಾಳುಗಳು ಕೆಳಕ್ಕೆ.

"ದಾರಿ ನಮಗೆ ಗೊತ್ತಿತ್ತು" ಎಂದರು. "ಆಡು ಮೇಯಿಸಿದ ಬೆಟ್ಟ ಅದು."

ಮಾವ ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು.

ಮೂರನೆಯ ದಿನ, ಗೋಡೆ

ಸ್ಮಾರಕ ಪೇಟೆಯಿಂದ ಸುಮಾರು ಐದು ಕಿಲೋಮೀಟರ್ ದೂರ, ಹೆದ್ದಾರಿಯ ಪಕ್ಕದಲ್ಲೇ ಇದೆ. ದ್ವಾರದಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ಕಾಲಿಟ್ಟರೆ ಕಣ್ಣು ಮೊದಲು ಹೋಗುವುದು ಸ್ಮಾರಕದ ಕಡೆಗಲ್ಲ, ಅದರ ಬೆನ್ನಿಗೆ ನಿಂತ ಬೆಟ್ಟದ ಕಡೆಗೆ. ಅದೇ ತೋಲೋಲಿಂಗ್. ನಾನು ಫೋಟೋಗಳಲ್ಲಿ ನೋಡಿ ಅದು ಎಲ್ಲೋ ದೂರದ ಶಿಖರ ಎಂದುಕೊಂಡಿದ್ದೆ. ಇಲ್ಲಿ ನಿಂತರೆ ಅದು ಮೈಮೇಲೆ ಬಾಗಿದ ಹಾಗಿದೆ. ಮೇಲೆ ಕೂತವನಿಗೆ ಈ ಹೆದ್ದಾರಿಯ ಒಂದೊಂದು ಲಾರಿಯೂ ಕಾಣುತ್ತದೆ. ಶ್ರೀನಗರದಿಂದ ಲೇಹ್‌ಗೆ, ಅಲ್ಲಿಂದ ಸಿಯಾಚಿನ್‌ಗೆ ಹೋಗುವ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಇದೇ ದಾರಿಯಲ್ಲಿ ಸಾಗಬೇಕು. ಚಳಿಗಾಲದಲ್ಲಿ ಎರಡೂ ಕಡೆಯವರು ತೆರವು ಮಾಡುತ್ತಿದ್ದ ಎತ್ತರದ ಠಾಣೆಗಳನ್ನು ಪಾಕಿಸ್ತಾನದ ಸೈನಿಕರು ಗುಟ್ಟಾಗಿ ಹಿಡಿದು ಕೂತದ್ದು ಏಕೆಂದು ಇನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಕ್ಕೆಲದಲ್ಲೂ ಧ್ವಜಗಳಿರುವ ವಿಜಯಪಥದ ಉದ್ದಕ್ಕೂ ನಡೆದರೆ ಕೊನೆಗೆ ಅಮರ ಜ್ಯೋತಿ, ಅದರ ಹಿಂದೆ ಗುಲಾಬಿ ಬಣ್ಣದ ಕಲ್ಲಿನ ಗೋಡೆ, ಗೋಡೆಯ ಮೇಲೆ ಹಿತ್ತಾಳೆಯ ಹಲಗೆಗಳಲ್ಲಿ ಹೆಸರುಗಳು. ಗಾಳಿ ಎಷ್ಟು ಜೋರಿತ್ತೆಂದರೆ ಧ್ವಜದ ಬಟ್ಟೆ ಚಾಟಿಯ ಹಾಗೆ ಸದ್ದು ಮಾಡುತ್ತಿತ್ತು.

ಮಾವ ಟೋಪಿ ತೆಗೆದು, ಎದೆ ಸೆಟೆಸಿ ನಿಂತು ಸೆಲ್ಯೂಟ್ ಹೊಡೆದರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಕಡೆಯವರು ಯಾರಿದ್ದಾರೆ ನೋಡು" ಎಂದರು.

ನಾನು ಹುಡುಕಿದೆ. ಗೌಡ, ಪಾಟೀಲ, ಅಪ್ಪ, ಅಯ್ಯ ಎಂದು ಕೊನೆಗೊಳ್ಳುವ ಹೆಸರುಗಳಿಗಾಗಿ ಕಣ್ಣು ಓಡಿಸಿದೆ. ಸ್ವಲ್ಪ ಹೊತ್ತಿಗೆ ಗೊತ್ತಾಯಿತು, ಗೋಡೆಯನ್ನು ಹಾಗೆ ಓದಲು ಬರುವುದಿಲ್ಲ. ಇಲ್ಲಿ ರಾಜ್ಯವಿಲ್ಲ, ಜಿಲ್ಲೆಯಿಲ್ಲ. ಹೆಸರುಗಳನ್ನು ಪಡೆಗಳ ಪ್ರಕಾರ ಜೋಡಿಸಿದ್ದಾರೆ. ಯಾರು ಯಾರ ಜೊತೆ ಬೆಟ್ಟ ಹತ್ತಿದರೋ ಅವರು ಗೋಡೆಯ ಮೇಲೂ ಒಟ್ಟಿಗಿದ್ದಾರೆ. ಮಾವನಿಗೆ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿ, "ಹಾಗಾದರೆ ಈ ಬೆಟ್ಟ ಹತ್ತಿದವರಿಂದಲೇ ಶುರು ಮಾಡೋಣ" ಎಂದು ಪೆನ್ನು ತೆಗೆದರು.

ತೋಲೋಲಿಂಗ್‌ಗೆ ಮೊದಲು ಹತ್ತಿದವರು 18 ಗ್ರೆನೇಡಿಯರ್ಸ್. ಮೇ ತಿಂಗಳ ಕೊನೆಯ ವಾರಗಳು. ಮೇಲೆ ಎಷ್ಟು ಜನರಿದ್ದಾರೆಂಬ ಖಚಿತ ಸುದ್ದಿ ಇರಲಿಲ್ಲ, ಸಾಕಷ್ಟು ಫಿರಂಗಿಗಳ ಬೆಂಬಲವೂ ಇರಲಿಲ್ಲ. ಮರವಿಲ್ಲ, ಪೊದೆಯಿಲ್ಲ, ಮರೆಗೆ ಒಂದೊಂದು ಬಂಡೆ ಮಾತ್ರ. ಹಗಲು ಅಲುಗಿದರೆ ಗುಂಡು, ರಾತ್ರಿ ಹತ್ತಿದರೆ ಮೈ ಕೊರೆಯುವ ಚಳಿ. ಮೇಜರ್ ರಾಜೇಶ್ ಅಧಿಕಾರಿ ಶತ್ರುವಿನ ಬಂಕರಿನ ಹತ್ತಿರದ ತನಕ ಹೋಗಿ ಅಲ್ಲೇ ಬಿದ್ದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ. ಕೆಲವೇ ದಿನಗಳಲ್ಲಿ ಪಡೆಯ ಎರಡನೆಯ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ವಿಶ್ವನಾಥನ್ ಕೂಡ ಮಡಿದರು. ಆ ಪಡೆ ಇಳಿಜಾರಿನಿಂದ ಕೆಳಗೆ ಬರಲಿಲ್ಲ. ಬಂಡೆಗಳಿಗೆ ಆತುಕೊಂಡೇ ದಿನಗಳನ್ನು ಕಳೆಯಿತು.

ಜೂನ್ 12ರ ರಾತ್ರಿ ಅವರು ಹಿಡಿದುಕೊಂಡ ಜಾಗದಿಂದ ಮೇಲಕ್ಕೆ ನುಗ್ಗಿದ್ದು ಎರಡನೆಯ ರಾಜಪುತಾನಾ ರೈಫಲ್ಸ್. ಅದರ ಕಮಾಂಡಿಂಗ್ ಅಧಿಕಾರಿ ಎಂ. ಬಿ. ರವೀಂದ್ರನಾಥ್, ನಮ್ಮ ದಾವಣಗೆರೆ ಮೂಲದವರು, ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವರು. ಊರಲ್ಲಿ ಈ ಹೆಸರನ್ನು ಹೇಳಿದರೆ ಎಷ್ಟು ಜನ ತಲೆ ಎತ್ತುತ್ತಾರೆ ಎಂದು ಯೋಚಿಸಿ ನನಗೆ ಸಂಕಟವಾಯಿತು. ಈ ಬಾರಿ ಫಿರಂಗಿಗಳು ಗಂಟೆಗಟ್ಟಲೆ ಶಿಖರವನ್ನು ಬಡಿದವು. ನಂತರ ಕೈಕೈ ಮಿಲಾಯಿಸುವಷ್ಟು ಹತ್ತಿರದ ಹೋರಾಟ. ಮೇಜರ್ ವಿವೇಕ್ ಗುಪ್ತಾ ಮೇಲೆಯೇ ಮಡಿದರು. 13ರ ಬೆಳಗಿನ ಜಾವಕ್ಕೆ ತೋಲೋಲಿಂಗ್ ನಮ್ಮದಾಯಿತು. ಆ ಯುದ್ಧದಲ್ಲಿ ನಮಗೆ ದಕ್ಕಿದ ಮೊದಲ ದೊಡ್ಡ ಶಿಖರ ಅದು. ಕರ್ನಲ್ ರವೀಂದ್ರನಾಥ್ ವೀರ ಚಕ್ರ ಪಡೆದು, ಬದುಕಿ ಮರಳಿ, 2018ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಆದ್ದರಿಂದ ಅವರ ಹೆಸರು ಈ ಗೋಡೆಯಲ್ಲಿ ಇಲ್ಲ. ಅವರು ಮೇಲಕ್ಕೆ ಕಳಿಸಿದ ಹುಡುಗರ ಹೆಸರುಗಳಿವೆ.

ಮಾವ ನೆಲದ ಮೇಲೆ ಕೂತು, ನೋಟ್‌ಬುಕ್ಕನ್ನು ಮಂಡಿಯ ಮೇಲಿಟ್ಟುಕೊಂಡು ಬರೆಯತೊಡಗಿದರು. ನಾನು ಗೋಡೆಯಿಂದ ಓದಿ ಹೇಳುವುದು, ಅವರು ಕನ್ನಡದಲ್ಲಿ ಇಳಿಸುವುದು. ಒಂದೊಂದು ಹೆಸರನ್ನೂ ಬರೆದ ಮೇಲೆ ಮೆಲ್ಲಗೆ ಒಮ್ಮೆ ಉಚ್ಚರಿಸುತ್ತಿದ್ದರು. ಸಿಂಗ್‌ಗಳು, ರಾಮ್‌ಗಳು, ಕುಮಾರ್‌ಗಳು ಸಲೀಸಾಗಿ ಹೋದವು. ಒಂದು ಹೆಸರಿಗೆ ನಿಂತರು.

"ಇದು ಹೇಗೆ ಬರೆಯುವುದು?"

ನೈಕೆಝಾಕುವೊ ಕೆಂಗುರುಸೆ. ನಾಗಾಲ್ಯಾಂಡಿನ ಕೊಹಿಮಾ ಬಳಿಯ ನೆರ್ಹೆಮಾ ಹಳ್ಳಿಯ ಹುಡುಗ, ಇಪ್ಪತ್ತನಾಲ್ಕು ವರ್ಷದ ಕ್ಯಾಪ್ಟನ್. ರಾಜಸ್ಥಾನ, ಹರಿಯಾಣದ ಜವಾನರಿಗೆ ಅವರ ಹೆಸರು ನಾಲಿಗೆಗೆ ಹೊರಳದೆ "ನಿಂಬೂ ಸಾಬ್" ಎಂದು ಕರೆಯುತ್ತಿದ್ದರು. ಜೂನ್ 28ರ ರಾತ್ರಿ ದ್ರಾಸ್‌ನ ಕಡಿದಾದ ಬಂಡೆಯೊಂದನ್ನು ಹತ್ತುವಾಗ ಬೂಟು ಮಂಜಿನ ಮೇಲೆ ಜಾರುತ್ತಿತ್ತು. ಕೊರೆಯುವ ಚಳಿಯಲ್ಲಿ ಬೂಟು ಬಿಚ್ಚಿ, ಬರಿಗಾಲಿನ ಬೆರಳುಗಳಲ್ಲಿ ಕಲ್ಲನ್ನು ಹಿಡಿದು ಮೇಲೇರಿದರು. ಬಂಕರನ್ನು ಒಡೆದರು, ಅಲ್ಲಿಂದ ಮರಳಲಿಲ್ಲ. ಮಹಾವೀರ ಚಕ್ರ. ಮಾವ ಆ ಹೆಸರನ್ನು ಎರಡು ಸಲ ಹೊಡೆದು ಹಾಕಿ ಮೂರನೆಯ ಸಲ ಸರಿಯಾಗಿ ಬರೆದರು. ಝ ಅಕ್ಷರವನ್ನು ಅಷ್ಟು ಜೋಪಾನವಾಗಿ ತಿದ್ದಿ ಬರೆಯುವ ಎಪ್ಪತ್ತರ ಕೈಯನ್ನು ನಾನು ನೋಡುತ್ತಿದ್ದೆ. ಉಗುರುಗಳು ಚಳಿಗೆ ನೀಲಿಯಾಗಿದ್ದವು.

ಗ್ರೆನೇಡಿಯರ್‌ಗಳ ಪಟ್ಟಿಯಲ್ಲಿ ಯೋಗೇಂದ್ರ ಯಾದವ್ ಎಂಬ ಹೆಸರು ಬಂದಾಗ ನಾನು ತಪ್ಪಾಯಿತೇನೋ ಎಂದುಕೊಂಡೆ. ಟೈಗರ್ ಹಿಲ್‌ನಲ್ಲಿ ಹತ್ತಾರು ಗುಂಡು ತಿಂದೂ ಬದುಕಿದ, ಹತ್ತೊಂಬತ್ತನೆಯ ವಯಸ್ಸಿಗೆ ಪರಮವೀರ ಚಕ್ರ ಪಡೆದ ಯೋಗೇಂದ್ರ ಸಿಂಗ್ ಯಾದವ್ ಇಂದಿಗೂ ಇದ್ದಾರಲ್ಲ! ಮಾವ ವಿವರಿಸಿದರು: ಒಂದೇ ಪಡೆಯಲ್ಲಿ ಆ ಹೆಸರಿನವರು ಇಬ್ಬರಿದ್ದರು. ಹೀಗಾಗಿಯೇ ಬದುಕಿದ್ದವರಿಗೆ ಮೊದಲು ಮರಣೋತ್ತರ ಎಂದೇ ಪ್ರಶಸ್ತಿ ಘೋಷಣೆಯಾಗಿತ್ತು. ದೇಶ ಒಬ್ಬನನ್ನು ಕೊಂಡಾಡಿತು, ಅದು ನ್ಯಾಯವೇ. ಅದೇ ಹೆಸರಿನ ಇನ್ನೊಬ್ಬನ ಮನೆಯಲ್ಲಿ ಅಂದು ಏನಾಗಿರಬಹುದು? ಮಾವ ಆ ಹೆಸರಿನ ಕೆಳಗೆ ಎರಡು ಗೆರೆ ಎಳೆದರು.

ಮಧ್ಯಾಹ್ನ ಮನೋಜ್ ಪಾಂಡೆ ಗ್ಯಾಲರಿಗೆ ಹೋದೆವು. ಯುದ್ಧಭೂಮಿಯ ಮಾದರಿ, ವಶಪಡಿಸಿಕೊಂಡ ಆಯುಧಗಳು, ಸಾಲು ಸಾಲು ಫೋಟೋಗಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಪತ್ರ. ರವೀಂದ್ರನಾಥರ ಪಡೆಯಲ್ಲೇ ಇದ್ದ ಕ್ಯಾಪ್ಟನ್ ವಿಜಯಂತ್ ಥಾಪರ್, ವಯಸ್ಸು 22, ಕೊನೆಯ ದಾಳಿಗೆ ಹೊರಡುವ ಮುನ್ನ ಅಪ್ಪ ಅಮ್ಮನಿಗೆ ಬರೆದದ್ದು. ನಿಮಗಿದು ತಲುಪುವ ಹೊತ್ತಿಗೆ ನಾನು ಆಕಾಶದಿಂದ ನಿಮ್ಮನ್ನು ನೋಡುತ್ತಿರುತ್ತೇನೆ, ಆದರೆ ಸೈನ್ಯ ಹೋರಾಡಿದ ಜಾಗವನ್ನು ಒಮ್ಮೆ ಬಂದು ನೋಡಿ ಎಂದು ಕೇಳಿಕೊಂಡಿದ್ದಾನೆ. ಅದರ ಜೊತೆಗೇ ಒಂದು ಲೆಕ್ಕದ ಮಾತು: ಅನಾಥಾಶ್ರಮಕ್ಕೆ ಒಂದಿಷ್ಟು ಹಣ ಕೊಡಿ, ರುಕ್ಸಾನಾಗೆ ತಿಂಗಳಿಗೆ 50 ರೂಪಾಯಿ ತಪ್ಪದೆ ಕೊಡುತ್ತಿರಿ. ರುಕ್ಸಾನಾ ಕುಪ್ವಾರಾದ ಪುಟ್ಟ ಹುಡುಗಿ. ಅವಳ ತಂದೆಯನ್ನು ಉಗ್ರರು ಕೊಂದ ಆಘಾತಕ್ಕೆ ಮಾತು ಬಿಟ್ಟಿದ್ದವಳು. ಅಲ್ಲಿ ಕರ್ತವ್ಯದಲ್ಲಿದ್ದಾಗ ಥಾಪರ್ ಅವಳನ್ನು ಹಚ್ಚಿಕೊಂಡಿದ್ದ. ಸಾವು ಎದುರಿಗಿರುವಾಗ ಈ ಐವತ್ತು ರೂಪಾಯಿ ಅವನಿಗೆ ಮರೆಯಲಿಲ್ಲ. ಅವನ ತಂದೆ, ಅವರೂ ಸೈನ್ಯದ ಕರ್ನಲ್, ಮಗನ ಮಾತಿನಂತೆ ಆ ಜಾಗಕ್ಕೆ ಹತ್ತಿ ಬಂದರು.

ನಾನು ಅಲ್ಲಿಂದ ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಮಾತಾಡಲು ಆಗಲಿಲ್ಲ.

ನಾಲ್ಕನೆಯ ದಿನ, ಮತ್ತೆ ಅಲ್ಲಿಗೇ

ಯೋಜನೆಯ ಪ್ರಕಾರ ಕಾರ್ಗಿಲ್ ಪಟ್ಟಣಕ್ಕೆ ಹೋಗಬೇಕಿತ್ತು. ಬರೆಯುವುದು ಮುಗಿದಿರಲಿಲ್ಲ, ಹೋಗಲಿಲ್ಲ. ಚಾಲಕನಿಗೆ ಮೊದಲು ಬೇಸರವಾಯಿತು. ಆಮೇಲೆ ಅವನೂ ಬಂದು ಒಂದು ಹಲಗೆಯ ಹೆಸರುಗಳನ್ನು ಓದಿ ಹೇಳಿದ. ಕಾಶ್ಮೀರಿ ಉಚ್ಚಾರಣೆಯಲ್ಲಿ ಬಂದ ಹರಿಯಾಣದ ಹೆಸರುಗಳು ಮಾವನ ಕೈಯಲ್ಲಿ ದಾವಣಗೆರೆಯ ಕನ್ನಡವಾದವು.

ಬೆಳಗಿನ ಬಿಸಿಲಿಗೆ ಎಲ್ಲ ಶಿಖರಗಳೂ ನಿಚ್ಚಳವಾಗಿದ್ದವು. ಕಾವಲಿನಲ್ಲಿದ್ದ ಯುವ ಜವಾನ ಒಂದೊಂದನ್ನೂ ತೋರಿಸಿದ. ಅದು ಟೈಗರ್ ಹಿಲ್, ಜುಲೈ 4ರಂದು ಮರಳಿ ಬಂದದ್ದು. ಈಚೆಗೆ ಪಾಯಿಂಟ್ 5140, ವಿಕ್ರಮ್ ಬಾತ್ರಾ ಹೆಸರು ಮೊದಲು ಕೇಳಿಬಂದ ಶಿಖರ; 2022ರಲ್ಲಿ ಅದಕ್ಕೆ ಗನ್ ಹಿಲ್ ಎಂದು ಹೆಸರಿಟ್ಟು ಫಿರಂಗಿದಳವನ್ನು ಗೌರವಿಸಿದರು. ಹುಡುಗ ಹುಟ್ಟಿದ್ದು 2003ರಲ್ಲಂತೆ. ಯುದ್ಧ ನಡೆದಾಗ ಭೂಮಿಯ ಮೇಲೇ ಇರಲಿಲ್ಲ. ಆದರೂ ಯಾವ ಕಡೆಯಿಂದ ಯಾವ ಕಂಪನಿ ಹತ್ತಿತು ಎಂದು ಬೆರಳಿನಲ್ಲಿ ಗೆರೆ ಎಳೆದು ಹೇಳುತ್ತಿದ್ದ.

ಸ್ಮಾರಕದ ಆವರಣದ ವೀರಭೂಮಿಯಲ್ಲಿ ಕಲ್ಲುಗಳ ಸಾಲಿನ ನಡುವೆ ನಡೆಯುವಾಗ ಪ್ರವಾಸಿಗರ ಗುಂಪೊಂದು ಬಂತು. ಘೋಷಣೆ ಕೂಗಿದರು, ಫೋಟೋ ತೆಗೆದರು, ಇಪ್ಪತ್ತು ನಿಮಿಷದಲ್ಲಿ ಹೋದರು. ಅವರ ಭಾವನೆ ನಿಜವಾದದ್ದೇ, ಅನುಮಾನವಿಲ್ಲ. ಅಷ್ಟು ದೂರ ಬಂದವರು ಒಂದು ಹೆಸರನ್ನಾದರೂ ಪೂರ್ತಿ ಓದಬಾರದಿತ್ತೇ ಎಂದು ನನಗೆ ಅನ್ನಿಸಿತು. ಗುಂಪಿನ ಹುಡುಗನೊಬ್ಬ ಮಾತ್ರ ಹಿಂದೆ ಉಳಿದು, ಮಾವ ಏನು ಬರೆಯುತ್ತಿದ್ದಾರೆಂದು ಬಗ್ಗಿ ನೋಡಿದ. ತಿಳಿಯದ ಲಿಪಿ. ಕೇಳಿದ. ಮಾವ ಹೇಳಿದರು. ಅವನು ಒಂದು ಹೆಸರಿನ ಮೇಲೆ ಬೆರಳಿಟ್ಟು, "ಇದು ಯಾರು?" ಎಂದ. ಮಾವ ಓದಿದರು. ಹುಡುಗ ಗೋಡೆಯ ಹತ್ತಿರ ಹೋಗಿ ಅದೇ ಹೆಸರನ್ನು ಹುಡುಕಿ, ಸಿಕ್ಕಿತೆಂದು ಕೈ ಎತ್ತಿ ತೋರಿಸಿದ.

ಸಂಜೆ ಧ್ವಜ ಇಳಿಸುವ ಹೊತ್ತಿಗೆ ಮಾವನ ಬರವಣಿಗೆ ಮುಗಿದಿತ್ತು. ಗೋಡೆಯೆಲ್ಲ ಅಲ್ಲ, ತೋಲೋಲಿಂಗ್ ಹತ್ತಿದ ಎರಡು ಪಡೆಗಳದ್ದು ಮಾತ್ರ. ಉಳಿದದ್ದಕ್ಕೆ ಮುಂದಿನ ವರ್ಷ ಬರುತ್ತೇನೆ ಎಂದರು. ಮನೆಗೆ ಹೋದ ಮೇಲೆ ಯಜಮಾನರಿಗೂ ಓದಿ ಕೇಳಿಸಿದರು. ಅವರು ಬುಖಾರಿಯ ಬಳಿ ಕಣ್ಣು ಮುಚ್ಚಿ ಕೂತು ಕೇಳಿದರು. ಒಂದೆರಡು ಹೆಸರಿಗೆ ತಲೆದೂಗಿದರು.

ಐದನೆಯ ದಿನ, ಹಿಂದಿರುಗುವ ದಾರಿ

ಜೊಜಿಲಾದ ಮೇಲೆ ಸೈನ್ಯದ ಟ್ರಕ್ಕುಗಳ ಸಾಲಿಗಾಗಿ ಮುಕ್ಕಾಲು ಗಂಟೆ ನಿಲ್ಲಿಸಿದರು. ಮಾವ ಕೆಳಗಿಳಿದು ರಸ್ತೆಯ ಅಂಚಿನ ಬಂಡೆಯ ಹತ್ತಿರ ಹೋದರು. ಅದನ್ನು ಅಂಗೈಯಿಂದ ಸವರಿ, ನೀರು ಹರಿದುಹೋಗಲು ಕಡಿದ ಕಾಲುವೆಯನ್ನು ಬಗ್ಗಿ ನೋಡಿ, ಬೂಟಿನ ತುದಿಯಿಂದ ಅದರಲ್ಲಿದ್ದ ಕಲ್ಲನ್ನು ಬದಿಗೆ ಸರಿಸಿದರು.

ಗಾಡಿಗೆ ಮರಳಿ ನೋಟ್‌ಬುಕ್ ತೆಗೆದರು. ಹೊಸ ಪುಟದ ಮೇಲೆ "ಜೊಜಿಲಾ, 1948" ಎಂದು ಬರೆದು ಕೆಳಗೆ ಗೆರೆ ಎಳೆದರು. ಮೊದಲ ಸಾಲಿನಲ್ಲಿ ಮೇಜರ್ ತಂಗರಾಜು ಎಂದು ಬರೆದರು. ಎರಡನೆಯ ಸಾಲಿನ ಮೇಲೆ ಪೆನ್ನು ಹಿಡಿದು ಬಹಳ ಹೊತ್ತು ಕೂತರು.

"ಹಲಸೂರಿನಲ್ಲಿ ವಿಚಾರಿಸಬೇಕು" ಎಂದು ಪುಸ್ತಕ ಮಡಚಿ ಸ್ವೆಟರಿನೊಳಗೆ ಇಟ್ಟುಕೊಂಡರು. ಟ್ರಕ್ಕುಗಳು ಹೋಗಿದ್ದವು. ಚಾಲಕ ಗಾಡಿ ಶುರು ಮಾಡಿದ.